ಹೆರಳು ಹಾಕುವ ಹೊತ್ತು

ಇಂಜೆಕ್ಷನ್ ಕೊಡುವುದು, ಪಟ್ಟಿ ಕಟ್ಟುವುದು, ಜ್ವರ ನೋಡುವುದು ಯಾರಿಗೆ ಕಲಿಸಿದರೂ ಬರುತ್ತದೆ. ನರ್ಸಿನ ಕೆಲಸದಲ್ಲಿ ನನಗೆ ನಿಜವಾಗಿ ಒಲಿದ ವಿದ್ಯೆ ಬೇರೆಯವರ ತಲೆ ಬಾಚುವುದು. ಇದನ್ನು ಹೇಳಿದರೆ ಈಗಲೂ ಜನ ನಗುತ್ತಾರೆ. ನಗಲಿ, ನನಗೇನೂ ಬೇಜಾರಿಲ್ಲ.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ತರಬೇತಿ ಮುಗಿಸಿ ಸೊಲ್ಲಾಪುರದ ಒಂದು ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಬಂದೆ. ಬೆಳಿಗ್ಗೆ ರೋಗಿಗಳ ಮೈ ಒರೆಸಿ, ಚಾದರ ಬದಲಾಯಿಸಿ, ಕೈ ಎತ್ತಲಾಗದವರ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಹೆರಳು ಹಾಕಬೇಕಿತ್ತು. ಡಾಕ್ಟರು ರೌಂಡಿಗೆ ಬರುವಷ್ಟರಲ್ಲಿ ಎಲ್ಲ ತಲೆಗಳೂ ನೀಟಾಗಿರಬೇಕು. ಆ ಹೊತ್ತಿನಲ್ಲಿ ಗಂಡಸರಿಗೆ ವಾರ್ಡಿನ ಬಾಗಿಲು ಮುಚ್ಚಿರುತ್ತಿತ್ತು. ಗಂಡ, ಭಾವ, ಮಾವ ಎಲ್ಲರೂ ಹೊರಗೆ ಬೇವಿನ ಮರದ ಕೆಳಗೆ ಬೀಡಿ ಸೇದುತ್ತ ನಿಂತಿರುತ್ತಿದ್ದರು. ಕಸ ಹೊಡೆಯಬೇಕು ಎಂಬ ನೆವ ಹೇಳಿ ಅತ್ತೆಯಂದಿರನ್ನೂ ಹೊರಗೆ ಕಳಿಸುತ್ತಿದ್ದೆವು.

ನನ್ನ ಜೊತೆಯವರಿಗೆ ಇದು ಮೂಗು ಮುರಿಯುವ ಕೆಲಸ. ಹೇನು, ಸಿಕ್ಕು, ಎಣ್ಣೆ ಜಿಡ್ಡು. ನಾನು ಮಾತ್ರ ಬಾಚಣಿಗೆ ಹಿಡಿದು ಮುಂದೆ ಹೋಗುತ್ತಿದ್ದೆ. ತಲೆ ಬಾಚುವವಳು ಹಿಂದೆ ನಿಂತಿರುತ್ತಾಳೆ, ಬಾಚಿಸಿಕೊಳ್ಳುವವಳ ಎದುರಿಗೆ ಗೋಡೆ ಬಿಟ್ಟರೆ ಏನೂ ಇರುವುದಿಲ್ಲ. ಮುಖ ನೋಡಿ ಹೇಳಲಾಗದ್ದನ್ನು ಹೆಂಗಸರು ಗೋಡೆಗೆ ಹೇಳುತ್ತಿದ್ದರು. ಹೇಳದಿದ್ದರೂ ತಲೆ ಹೇಳುತ್ತಿತ್ತು. ಕಿವಿಯ ಹಿಂದೆ ಒಂದು ಹಿಡಿ ಕೂದಲು ಕಿತ್ತು ಬಂದ ಜಾಗ, ನೆತ್ತಿಯಲ್ಲಿ ಹಳೆಯ ಗಾಯ ಮಾಯ್ದು ಗಂಟು ಕಟ್ಟಿದ್ದು, ಬಾಚಣಿಗೆ ತಾಗಿದೊಡನೆ ಹೆಗಲು ಮೇಲಕ್ಕೆ ಸೆಳೆದುಕೊಳ್ಳುವುದು. ಹಿಂದಿನಿಂದ ಕೈ ಬಂದರೆ ಹೆದರಬೇಕು ಎಂದು ಕಲಿತ ಮೈ ಅದು.

ಆ ವರ್ಷಗಳಲ್ಲಿ ಸೊಲ್ಲಾಪುರದ ಬಚ್ಚಲುಗಳಷ್ಟು ಅಪಾಯದ ಜಾಗ ಇನ್ನೊಂದಿರಲಿಲ್ಲ. ಕೈ ಮುರಿದವಳು, ಹುಬ್ಬು ಹರಿದವಳು, ಪಕ್ಕೆಲುಬು ಬಿರಿದವಳು, ಎಲ್ಲರೂ "ಬಚ್ಚಲದಾಗ ಜಾರಿ ಬಿದ್ದವರೇ." ನಳದ ನೀರಿಗೆ ಕೊಡ ಹಿಡಿದು ಜಗಳಾಡುವ ಊರಿನಲ್ಲಿ, ನೆಲ ಒದ್ದೆಯಾಗುವಷ್ಟೂ ನೀರಿಲ್ಲದ ಬಚ್ಚಲಲ್ಲಿ ಇವರು ಹೇಗೆ ಜಾರುತ್ತಿದ್ದರೋ. ಯಾರೂ ಕೇಳುತ್ತಿರಲಿಲ್ಲ. ಏನಾಯಿತು ಎಂದು ಡಾಕ್ಟರು ಕೇಳುತ್ತಿದ್ದದ್ದು ಕರೆದುಕೊಂಡು ಬಂದವರನ್ನು, ಕರೆದುಕೊಂಡು ಬಂದವನು ಗಂಡ. ಅವನೇ ಹೇಳುತ್ತಿದ್ದ, ಆಕೆ ತಲೆಯಾಡಿಸುತ್ತಿದ್ದಳು.

ನಮ್ಮ ವಾರ್ಡಿನ ಮುಖ್ಯ ಸಿಸ್ಟರ್ ಮರಾಠಿಯವರು, ಗರಿಗರಿ ಇಸ್ತ್ರಿಯ ಸೀರೆ, ಮಾತೂ ಹಾಗೇ. ನಾನು ಒಮ್ಮೆ ತಡೆಯಲಾರದೆ, ಇದು ಜಾರಿ ಬಿದ್ದದ್ದಲ್ಲ ಎಂದಾಗ ಅವರು ನನ್ನತ್ತ ನೋಡದೆಯೇ, "ಜಖಮ ಬಘಾಯಚೀ, ಘರ ನಾಹೀ" ಎಂದರು. ಗಾಯ ನೋಡಬೇಕು, ಮನೆಯನ್ನಲ್ಲ. ಕೆಟ್ಟವರಲ್ಲ ಅವರು. ನೋಡಿ ನೋಡಿ ದಣಿದಿದ್ದರು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಮೈಯೆಲ್ಲ ಉರಿದಿತ್ತು. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ.

ನಮ್ಮದು ಗುಮಾಸ್ತರ ಮನೆತನ. ಅಪ್ಪ ಬಟ್ಟೆ ಗಿರಣಿಯ ಆಫೀಸಿನಲ್ಲಿ ಕೂತು ಬರೆಯುವವರು. ಗಿರಣಿಯ ಭೋಂಗಾ ಕೂಗಿದೊಡನೆ ಎದ್ದು, ಇನ್ನೊಮ್ಮೆ ಕೂಗುವಷ್ಟರಲ್ಲಿ ಕರಿ ಟೋಪಿ ಹಾಕಿಕೊಂಡು ಹೊರಡುತ್ತಿದ್ದರು. ಮಗಳು ಕಂಡಕಂಡವರ ಮೈ ಮುಟ್ಟುವ ಕೆಲಸ ಹಿಡಿದಳು ಎಂದು ನೆಂಟರಿಷ್ಟರು ಮುಖ ಸಿಂಡರಿಸಿದಾಗ ಅಪ್ಪ ಏನೂ ಅನ್ನಲಿಲ್ಲ. ನೆಂಟರಿಗೂ ಅನ್ನಲಿಲ್ಲ, ನನಗೂ ಅನ್ನಲಿಲ್ಲ. ಮಾತಾಡುತ್ತಿದ್ದವಳು ಅವ್ವ ಒಬ್ಬಳೇ. ರಜೆಯಲ್ಲಿ ನರ್ಸುಗಳ ಹಾಸ್ಟೆಲಿನಿಂದ ಮನೆಗೆ ಹೋದರೆ ಬಾಗಿಲಲ್ಲೇ ಕೂಡಿಸಿ, "ಮಂದಿ ತಲಿ ನೋಡಿ ನೋಡಿ ನಿನ್ನ ತಲಿ ಹಾಳಾಗೇತಿ ನೋಡು" ಎಂದು ಬೈಯುತ್ತ ಬಾಚುತ್ತಿದ್ದಳು. ನಾನು ಕೆಲಸಕ್ಕೆ ಸೇರಿದ ಮೊದಲ ಬೇಸಗೆಯಲ್ಲೇ ಅವ್ವ ಹೋದಳು. ಆಮೇಲೆ ನನ್ನ ತಲೆಯನ್ನು ನಾನೇ ಬಾಚಿಕೊಂಡೆ.

ಮೈಂದರ್ಗಿಯ ಹುಡುಗಿ ಬಂದದ್ದು ಅದಾದ ಎರಡು ವರ್ಷಕ್ಕೆ. ಅಕ್ಕಲಕೋಟೆಯ ಆಚೆಗಿನ ಮೈಂದರ್ಗಿ ಆಕೆಯ ತವರು. ಕೊಟ್ಟಿದ್ದು ಸೊಲ್ಲಾಪುರಕ್ಕೆ, ಟವೆಲ್ಲು, ಚಾದರ ಮಾರುವ ಅಂಗಡಿಯವರ ಮನೆಗೆ. ಗಂಡ ನೋಡಲು ಸಾಧು, ಕೈಯಲ್ಲಿ ಸಂತ್ರಾ ಹಣ್ಣಿನ ಚೀಲ, ನಮ್ಮನ್ನೆಲ್ಲ "ಸಿಸ್ಟರ" ಎಂದು ಬಗ್ಗಿ ಮಾತಾಡಿಸುವವನು. ಎಂಥ ಒಳ್ಳೆಯ ಗಂಡ ಎಂದು ವಾರ್ಡಿನವರೆಲ್ಲ ಹೊಗಳುತ್ತಿದ್ದರು. ಮೊದಲ ಸಲ ಹುಬ್ಬಿಗೆ ಹೊಲಿಗೆ, ಎರಡನೆಯ ಸಲ ಬೆರಳು. ಮೂರನೆಯ ಸಲ ಎಡಗೈ ಮೊಣಕೈಯಲ್ಲೇ ಮುರಿದಿತ್ತು.

"ನಮ್ಮಾಕಿ ಭಾಳ ಗಡಬಡಿರಿ ಸಿಸ್ಟರ. ನೋಡಿ ನಡಿಯಂಗಿಲ್ಲ" ಎಂದು ಅವನು ನಕ್ಕ.

ಮರುದಿನ ಬೆಳಿಗ್ಗೆ ನಾನು ಆಕೆಯ ಹಿಂದೆ ನಿಂತು ಕೂದಲು ಬಿಚ್ಚಿದೆ. ಉದ್ದ ಕೂದಲು, ಬುಡದಲ್ಲಿ ಒಂದು ಕಡೆ ತೆಳ್ಳಗಾಗಿತ್ತು. ನಾನು ಏನನ್ನೂ ಕೇಳಲಿಲ್ಲ. ಅರ್ಧ ಬಾಚಿ ಮುಗಿದಿರಬೇಕು, ಆಕೆಯೇ ಗೋಡೆಗೆ ಹೇಳಿದಳು.

"ನಾ ಬೀಳಾಕಿ ಅಲ್ರಿ. ಊರಾಗ ಬಾವಿಯಿಂದ ತಲಿ ಮ್ಯಾಲೊಂದು, ಬಗಲಾಗೊಂದು ಕೊಡ ಹೊತ್ಕೊಂಡು ಬರತಿದ್ದೆ. ಹನಿ ನೀರು ಚೆಲ್ಲತಿದ್ದಿಲ್ಲ."

"ಗೊತ್ತೈತಿ" ಎಂದೆ. "ಡಾಕ್ಟರಿಗೆ ಹೇಳ್ಲೇನು?"

"ಬ್ಯಾಡ್ರಿ. ಡಾಕ್ಟರು ಇವರನ್ನ ಕೇಳ್ತಾರ. ಇವರು ನಗತಾರ. ಆಮ್ಯಾಲ ಮನಿಗಿ ಹೋಗಾಕಿ ನಾನ ಅಲ್ಲೇನ್ರಿ?"

ಹೆರಳು ಹಾಕತೊಡಗಿದೆ. ತುದಿಗೆ ರಿಬ್ಬನ್ನು ಕಟ್ಟುವಾಗ ಆಕೆ ಮತ್ತೆ ಹೇಳಿದಳು. "ನಮ್ಮವ್ವಗ ಒಂದ ಮಾತು ಹೇಳ್ರಿ. ನಾ ಜಾರಿ ಬೀಳಲಿಲ್ಲಂತ ಹೇಳ್ರಿ. ಆಕಿ ನನ್ನ ಹುಚ್ಚಿ ಅಂತ ತಿಳಕೊಂಡಾಳ, ಕಣ್ಣ ಕಾಣದಾಕಿ ಅಂತ ತಿಳಕೊಂಡಾಳ. ಅಷ್ಟ ಹೇಳ್ರಿ ಸಾಕು."

ನನ್ನ ವಾರದ ರಜೆ ಗುರುವಾರ ಬಂತು. ಗುರುವಾರ ಅಕ್ಕಲಕೋಟೆಯ ಬಸ್ಸೆಂದರೆ ಕಾಲಿಡಲು ಜಾಗವಿಲ್ಲ, ಎಲ್ಲರೂ ಅಲ್ಲಿನ ಸ್ವಾಮಿಗಳ ಮಠಕ್ಕೆ ಹೋಗುವವರೇ. ಒಬ್ಬ ಅಜ್ಜಿ ನನ್ನ ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಟು ದರ್ಶನಕ್ಕೆ ಹೊರಟೆಯಾ ಎಂದು ಕೇಳಿದಳು. ಹೌದು ಎಂದೆ. ಅಕ್ಕಲಕೋಟೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಮೈಂದರ್ಗಿಗೆ ಹೋದೆ. ಕೇಳಿ ಕೇಳಿ ಮನೆ ಹುಡುಕಿದೆ. ಆಕೆಯ ಅವ್ವ ಅಂಗಳದಲ್ಲಿ ಕೂತು ಶೇಂಗಾ ಕೇರುತ್ತಿದ್ದಳು.

ನಾನು ಹೇಳಬೇಕಾದದ್ದನ್ನು ಹೇಳಿದೆ. ಮೊರ ಒಂದು ಕ್ಷಣವೂ ನಿಲ್ಲಲಿಲ್ಲ.

"ಗೊತ್ತೈತಿ ತಂಗಿ" ಎಂದಳು ಆಕೆ. "ನಂಗೇನು ಗೊತ್ತಿಲ್ಲೇನು? ಸಣ್ಣಾಕಿ ಲಗ್ನ ಗೊತ್ತಾಗೇತಿ. ಈಗ ಇಕಿ ಬಂದು ಮನ್ಯಾಗ ಕುಂತ್ರ ಅದೂ ಮುರೀತೈತಿ. ಆಕಿ ಜಾರಿ ಬಿದ್ದಾಳ ಅಂತನ ನಾ ಅನ್ನಬೇಕು." ಕೇರುತ್ತಲೇ ಕೇಳಿದಳು. "ನಿಮ್ಮ ಲಗ್ನ ಆಗೇತೇನ್ರಿ?"

"ಇಲ್ಲ."

"ಹಂಗಾದ್ರ ನಿಮಗ ತಿಳಿಯಂಗಿಲ್ಲ ಬಿಡ್ರಿ."

ಏಳುವಾಗ ಮಗಳಿಗೆ ಕೊಡಿ ಎಂದು ಶೇಂಗಾ ಚಟ್ನಿಯ ಡಬ್ಬಿ ಕೊಟ್ಟಳು. ಆ ಡಬ್ಬಿಯನ್ನು ಅಂಗಳದಲ್ಲೇ ಎಸೆದು ಬರಬೇಕೆನ್ನುವಷ್ಟು ಸಿಟ್ಟು ಬಂದಿತ್ತು. ಎಸೆಯಲಿಲ್ಲ. ಜೊತೆಗೇ ತೆಗೆದುಕೊಂಡು ಬಂದೆ. ಮರುದಿನ ಡ್ಯೂಟಿಗೆ ಹೋದರೆ ಆಕೆಯ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು. ಪ್ಲಾಸ್ಟರ್ ಹಾಕಿಯಾಗಿದೆ, ಇನ್ನು ಮನೆಯಲ್ಲೇ ನೋಡಿಕೊಳ್ಳುತ್ತೇನೆ ಎಂದು ಗಂಡ ಸಹಿ ಮಾಡಿ ಕರೆದುಕೊಂಡು ಹೋಗಿದ್ದ. ಹಾಸ್ಟೆಲಿನ ಕೋಣೆಯಲ್ಲಿ ಆ ಚಟ್ನಿಯನ್ನು ನಾನೇ ತಿಂದೆ. ಅದು ಖಾರವೇನೂ ಇರಲಿಲ್ಲ. ಆದರೂ ಕಣ್ಣಲ್ಲಿ ನೀರು ಬಂತು.

ಆ ವರ್ಷ ನನ್ನ ಮುಂದೆ ಎರಡು ದಾರಿಗಳಿದ್ದವು. ಮುಖ್ಯ ಸಿಸ್ಟರ್ ನಿವೃತ್ತರಾಗುವವರಿದ್ದರು, ಅವರ ಜಾಗಕ್ಕೆ ನನ್ನ ಹೆಸರು ಹೇಳುವುದಾಗಿ ಮೇಟ್ರನ್ ತಾವೇ ಕರೆದು ಹೇಳಿದ್ದರು. ಕುರ್ಚಿ, ಮೇಜು, ಕ್ವಾರ್ಟರ್ಸು, ಊರಲ್ಲೇ ಮನೆ. ಇನ್ನೊಂದು, ಹೊರಗೆ ಹೋಗಿ ಇನ್ನಷ್ಟು ದಿನ ಓದಿ, ಊರೂರು ತಿರುಗಿ ಮನೆಮನೆಗೆ ಹೋಗುವ ನರ್ಸಾಗುವುದು. ಬಸುರಿ ಬಾಣಂತಿಯರನ್ನು ನೋಡುವುದು, ಮಕ್ಕಳಿಗೆ ಲಸಿಕೆ ಹಾಕುವುದು. ಅದಕ್ಕೆ ಯಾರೂ ಮುಗಿಬೀಳುತ್ತಿರಲಿಲ್ಲ. ಆಪರೇಷನ್ ಥಿಯೇಟರಿಗೆ ಹೋಗು, ಅಲ್ಲಿ ಮರ್ಯಾದೆ ಹೆಚ್ಚು ಎಂದು ಗೆಳತಿಯೊಬ್ಬಳು ಹೇಳಿದಳು. ಥಿಯೇಟರಿನಲ್ಲಿ ರೋಗಿ ಮಾತೇ ಆಡುವುದಿಲ್ಲವಲ್ಲ ಎಂದೆ. ಅದೇ ಸುಖ ಎಂದಳು ಅವಳು.

ನಾನು ಬಹಳ ದಿನ ಯೋಚಿಸಿದೆ. ವಾರ್ಡಿನಲ್ಲಿ ನನ್ನ ಕೈಗೆ ಸಿಗುತ್ತಿದ್ದದ್ದು ಬಿದ್ದ ಮೇಲಿನ ಹೆಂಗಸು. ಆಕೆ ನನ್ನ ಮುಂದೆ ಕೂರುವುದು ಒಂದು ಮುಂಜಾನೆ, ಆಮೇಲೆ ಮತ್ತೆ ಅದೇ ಮನೆ. ಆ ಮನೆಯ ಹೊಸ್ತಿಲು ದಾಟಲು ನನಗೆ ದಾರಿ ಬೇಕಿತ್ತು. ಬಸುರಿಯನ್ನು ನೋಡಲು ಬಂದ ನರ್ಸನ್ನು ಯಾರೂ ಬಾಗಿಲಲ್ಲಿ ನಿಲ್ಲಿಸುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಮುಖ್ಯ ಸಿಸ್ಟರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು, ನಂತರ ಹೋಗು ಎಂದರು. ಅಪ್ಪ ಮಾತ್ರ ಟೋಪಿ ಕೈಯಲ್ಲಿ ಹಿಡಿದುಕೊಂಡು, "ಊರೂರ ತಿರಗೂ ಕೆಲಸನ ಬೇಕಿತ್ತೇನು ನಿನಗ? ನಿಮ್ಮವ್ವ ಇದ್ದಿದ್ರ..." ಎಂದು ಅಲ್ಲಿಗೇ ಬಿಟ್ಟು ಗಿರಣಿಗೆ ಹೋದರು.

ಓದು ಮುಗಿಸಿ ಬಂದ ಮೇಲೆ ಅಕ್ಕಲಕೋಟೆಗೆ ಹಾಕಿಸಿಕೊಂಡೆ. ಒಂಟಿ ಹೆಂಗಸಿಗೆ, ಅದರಲ್ಲೂ ನರ್ಸಿಗೆ ಮನೆ ಕೊಡುವವರು ಕಡಿಮೆ. ಮಠಕ್ಕೆ ಬರುವ ಯಾತ್ರಿಕರಿಗೆ ಕೋಣೆ ಬಾಡಿಗೆ ಕೊಡುತ್ತಿದ್ದ ಒಬ್ಬ ಮುದುಕಿ ತನ್ನ ಹಿತ್ತಲ ಕೋಣೆ ಕೊಟ್ಟಳು. ಪಕ್ಕದ ಕೋಣೆಗಳಲ್ಲಿ ವಾರವಾರವೂ ಹೊಸ ಮಂದಿ. ಪುಣೆಯವರು, ಕಲಬುರ್ಗಿಯವರು, ಬಾರ್ಶಿಯವರು. ಯಾವ ಊರು, ಒಬ್ಬರೇ ಇರುತ್ತೀರಾ, ಅಯ್ಯೋ ಎಂದು ಕೇಳಿ, ಪ್ರಸಾದ ಕೊಟ್ಟು, ಹೋಗಿಬಿಡುತ್ತಿದ್ದರು. ಹೀಗೆ ಬಂದು ಹೋಗುವವರ ನಡುವೆ ಇರುವುದಕ್ಕಿಂತ ಯಾರೂ ಇಲ್ಲದ ಕಡೆ ಇರುವುದು ಮೇಲೆನಿಸುತ್ತಿತ್ತು. ಸಂಜೆ ಮನೆಗೆ ಬಂದು ಒಂದೇ ಒಂದು ರೊಟ್ಟಿಗೆ ಹಿಟ್ಟು ನಾದುವಾಗ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತಿತ್ತು. ಎರಡು ಮಾಡಿದರೆ ಒಂದು ಉಳಿಯುತ್ತದೆ, ಒಂದು ಮಾಡಿದರೆ ಒಲೆ ಹಚ್ಚಿದ ಸೀಮೆಎಣ್ಣೆ ದಂಡ. ಮಾತಾಡದೆ ದಿನ ಕಳೆದ ಕೆಲವು ಭಾನುವಾರಗಳಲ್ಲಿ, ದನಿ ಇದೆಯೋ ಇಲ್ಲವೋ ನೋಡಲು ಗಟ್ಟಿಯಾಗಿ ಕೆಮ್ಮಿದ್ದೂ ಉಂಟು.

ಹೊಸ್ತಿಲು ದಾಟಿದರೆ ಕೆಲಸ ಆಯಿತು ಎಂದುಕೊಂಡಿದ್ದು ನನ್ನ ಭ್ರಮೆ. ಮನೆಗಳು ನನ್ನನ್ನು ಒಳಗೆ ಕರೆದವು, ನೀರು ಕೊಟ್ಟವು, ಚಹಾ ಕೊಟ್ಟವು. ಆದರೆ ಸೊಸೆಯನ್ನು ಕೇಳಿದ ಪ್ರಶ್ನೆಗೆ ಅತ್ತೆ ಉತ್ತರ ಹೇಳುತ್ತಿದ್ದಳು, ಕಟ್ಟೆಯ ಮೇಲೆ ಕೂತ ಗಂಡ ಅದನ್ನು ತಿದ್ದುತ್ತಿದ್ದ. ಚೀಲದಲ್ಲಿ ಬಾಚಣಿಗೆ, ಎಣ್ಣೆ ಬಾಟಲಿ ಇಟ್ಟುಕೊಂಡು ಹೋಗುತ್ತಿದ್ದೆ, ಹೊರಗೆ ತೆಗೆಯುವ ಸಂದರ್ಭವೇ ಬರಲಿಲ್ಲ. ವಾರ್ಡಿನಲ್ಲಿದ್ದ ಆ ಮುಚ್ಚಿದ ಬಾಗಿಲು ಇಲ್ಲಿರಲಿಲ್ಲ. ಕುರ್ಚಿ ಬಿಟ್ಟು ಬಂದದ್ದು ತಪ್ಪಾಯಿತೇನೋ ಎಂದು ಬಸ್ ಸ್ಟ್ಯಾಂಡಿನಲ್ಲಿ ಕೂತು ಎಷ್ಟೋ ಸಲ ಅಂದುಕೊಂಡೆ.

ಆಮೇಲೆ ಆಪರೇಷನ್ನಿನ ವರ್ಷಗಳು ಬಂದವು. ತುರ್ತು ಪರಿಸ್ಥಿತಿಯ ಕಾಲ. ಮಕ್ಕಳಾಗದಂತೆ ಗಂಡಸರಿಗೆ ಆಪರೇಷನ್ ಮಾಡಿಸಬೇಕು, ಒಬ್ಬೊಬ್ಬ ನೌಕರ ಇಷ್ಟಿಷ್ಟು ಜನರನ್ನು ಕರೆತರಬೇಕು ಎಂದು ಮೇಲಿನಿಂದ ಹುಕುಂ. ನಾನು ಯಾರನ್ನೂ ಎಳೆದು ತಂದವಳಲ್ಲ, ಅದಕ್ಕಾಗಿ ಮೀಟಿಂಗಿನಲ್ಲಿ ಎಲ್ಲರ ಮುಂದೆ ನಿಂತು ಬೈಸಿಕೊಂಡೆ. ಆದರೆ ಊರಿನವರಿಗೆ ಅದೇನು ಗೊತ್ತು? ಬಸ್ಸಿನಿಂದ ಇಳಿಸಿ ಹಿಡಿದೊಯ್ಯುತ್ತಾರೆ, ಮದುವೆಯಾಗದವರನ್ನೂ ಬಿಡುವುದಿಲ್ಲ ಎಂಬ ಗಾಳಿಮಾತು ಹಬ್ಬಿತ್ತು. ನನ್ನ ಬಿಳಿ ಸೀರೆ, ಕರಿ ಚೀಲ ಓಣಿಯ ತುದಿಯಲ್ಲಿ ಕಂಡರೆ ಸಾಕು, "ಆಪರೇಷನ್ ಬಾಯಿ ಬಂದ್ಲೋ" ಎಂದು ಹುಡುಗರು ಕೂಗುತ್ತಿದ್ದರು. ಆ ಕಡೆ ನರ್ಸಮ್ಮನನ್ನು ಬಾಯಿ ಎಂದೇ ಕರೆಯುವುದು. ಗಂಡಸರು ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಓಟ. ಮಾಳಿಗೆ ಹತ್ತಿ ಕೂತವರಿದ್ದರು. ಕಾಳು ತುಂಬುವ ಹಗೇವಿನಲ್ಲಿ ಇಳಿದು ಕೂತ ಒಬ್ಬನನ್ನು ಮೇಲೆತ್ತಲು ಆಮೇಲೆ ಹಗ್ಗ ತರಬೇಕಾಯಿತಂತೆ. ಮೀಸೆ ಬಾರದವರೂ ಓಡಿದರು, ಮೊಮ್ಮಕ್ಕಳನ್ನು ಕಂಡವರೂ ಓಡಿದರು. ಮಗ ಉಪವಾಸ ಬೀಳುತ್ತಾನೆಂದು ರೊಟ್ಟಿ ಗಂಟು ಹಿಡಿದು ಅತ್ತೆಯಂದಿರೂ ಹಿಂದೆಯೇ ಹೋಗುತ್ತಿದ್ದರು.

ಮೊದಲು ನನಗೆ ಬಹಳ ದುಃಖವಾಯಿತು. ನೀರು ಕೊಡುತ್ತಿದ್ದ ಮನೆಗಳು ನೀರು ಕೊಡುವುದನ್ನು ಬಿಟ್ಟವು. ಎದುರಿಗೆ ಬಂದವರು ದಾರಿ ಬದಲಿಸುತ್ತಿದ್ದರು. ನನ್ನ ಮನೆಯ ಮುದುಕಿಯೂ, "ಬಾಯಿ, ಯಾತ್ರಿಕರು ಹೆದರತಾರ, ಆ ಚೀಲಾ ಒಳಗ ಇಡ್ರಿ" ಎಂದಳು. ಒಂದು ದಿನ ಒಂದು ಅಂಗಳದಲ್ಲಿ ಸುಮ್ಮನೆ ನಿಂತಿದ್ದೆ. ಮನೆ ಖಾಲಿ, ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಒಳಗಿನಿಂದ ಸೊಸೆ ಒಬ್ಬಳೇ ಹೊರಗೆ ಬಂದಳು. ಅತ್ತೆ ಇಲ್ಲ, ಗಂಡ ಇಲ್ಲ, ಕಟ್ಟೆಯ ಮೇಲೆ ಕೂತು ತಿದ್ದುವವರು ಯಾರೂ ಇಲ್ಲ. ಆಗ ನನಗೆ ಹೊಳೆಯಿತು. ವಾರ್ಡಿನಲ್ಲಿ ನಾವು ಬಾಗಿಲು ಮುಚ್ಚಿ ಏನು ಮಾಡುತ್ತಿದ್ದೆವೋ ಅದನ್ನು ನನ್ನ ಚೀಲ ಇಡೀ ಓಣಿಗೇ ಮಾಡಿಬಿಟ್ಟಿತ್ತು. ನಾನು ಅಲ್ಲೇ ಕೂತು ಬಾಚಣಿಗೆ ಹೊರಗೆ ತೆಗೆದೆ.

ಆ ಒಂದೂವರೆ ವರ್ಷದಲ್ಲಿ ಕೇಳಿದಷ್ಟು ಮಾತು ನಾನು ಜೀವಮಾನದಲ್ಲಿ ಕೇಳಿಲ್ಲ. ಎಲ್ಲರಿಗೂ ನನ್ನಿಂದ ಏನೋ ಆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರಿಗೆ ಮುಲಾಮು, ಕೆಲವರಿಗೆ ಯಾವ ಹೊತ್ತಿಗೆ ಯಾರ ಮನೆಗೆ ಓಡಬೇಕು ಎಂಬ ಮಾತು, ಇನ್ನು ಕೆಲವರಿಗೆ ಬರೀ ಹೆರಳು. ಅಷ್ಟನ್ನೇ ಮಾಡಿದ್ದು.

ಹೀಗೆ ತಿರುಗುತ್ತ ಮೈಂದರ್ಗಿಗೂ ಹೋದೆ. ಆ ಮನೆಯ ಅಂಗಳಕ್ಕೆ ಕಾಲಿಡುತ್ತಿದ್ದಂತೆ ಮನೆಯ ಯಜಮಾನ ಚಹಾದ ಬಟ್ಟಲು ಬಿಟ್ಟು ಹಿತ್ತಲಿಗೆ ಮಾಯವಾದ. ಹುಡುಗಿಯ ಅವ್ವ ಮಾತ್ರ ನಿಂತಿದ್ದಳು. ನನ್ನ ಗುರುತು ಹಿಡಿದಳು, ಮಣೆ ಹಾಕಿದಳು. ಒಳಗಿನಿಂದ ಕೂಸನ್ನು ಬಲಗೈಯಲ್ಲಿ ಎತ್ತಿಕೊಂಡು ಮಗಳು ಬಂದಳು. ಎಡಗೈ ಮೊಣಕೈಯಲ್ಲಿ ಸೊಟ್ಟಗೇ ಉಳಿದಿತ್ತು.

ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸಿಗೆ ಐದು ತಿಂಗಳು ತುಂಬಿತ್ತು. ಇನ್ನೇನು ಗಂಡ ಬಂದು ತಾಯಿ ಮಗುವನ್ನು ಕರೆದುಕೊಂಡು ಹೋಗುವ ಹೊತ್ತು. ನಾನು ಹಿಂದೆ ಕೂತು ಕೂದಲು ಬಿಚ್ಚಿದೊಡನೆ ಆಕೆ ಹೇಳಿದ್ದು ಒಂದೇ ಮಾತು.

"ಈ ಸಲ ಹೋದ್ರ ನಾ ತಿರುಗಿ ಬರಂಗಿಲ್ರಿ. ಕೂಸು ಒಂದ ಉಳೀತೈತಿ."

ನಾನು ಬೈತಲೆ ತೆಗೆಯುತ್ತ, "ಯವ್ವಾ, ಎಣ್ಣಿ ಬಟ್ಟಲ ಹಿಡಕೊಳ್ಳಾಕ ಬರ್ರಿ" ಎಂದು ಅವ್ವನನ್ನು ಕರೆದೆ. ಬಟ್ಟಲು ಹಿಡಿಯಲು ನನಗೆ ಆಳು ಬೇಕಿರಲಿಲ್ಲ. ಆಕೆ ಬಂದು ಪಕ್ಕದಲ್ಲಿ ಬಗ್ಗಿದಳು. ಕೂದಲನ್ನು ಎರಡು ಕಡೆಗೆ ಸರಿಸಿದೆ. ನೆತ್ತಿಯ ಹಿಂದೆ ಬೆರಳುದ್ದದ ಗಾಯದ ಗುರುತು, ಅದರ ಕೆಳಗೆ ಇನ್ನೊಂದು, ಕಿವಿಯ ಹಿಂದೆ ಬರೀ ಚರ್ಮ. ಅವ್ವ ಬಹಳ ಹೊತ್ತು ನೋಡಿದಳು. ಎಣ್ಣೆ ಬಟ್ಟಲನ್ನು ನೆಲಕ್ಕಿಟ್ಟು, ನನ್ನ ಕೈಯಿಂದ ಬಾಚಣಿಗೆ ತೆಗೆದುಕೊಂಡು, "ಆ ಕಡಿ ಸರೀರಿ" ಎಂದಳು. ಉಳಿದ ತಲೆಯನ್ನು ಆಕೆಯೇ ಬಾಚಿದಳು. ಬಾಚುತ್ತ ಒಂದೇ ಸಮನೆ ಅತ್ತಳು. ಮಗಳು ಗೋಡೆಯನ್ನೇ ನೋಡುತ್ತ ಕೂತಿದ್ದಳು.

ಮುಂದಿನ ವಾರ ಮೈಂದರ್ಗಿಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಆ ಅವ್ವ ಹೇಳಿಕಳಿಸಿದಳು. ಸೋಮವಾರ ಅಳಿಯ ಬರುತ್ತಾನೆ, ಬಾಯಿಯವರು ಬರಲಿ, ಬರುವಾಗ ಚೀಲ ಮರೆಯದೆ ತರಲಿ.

ಸೋಮವಾರ ನಾನು ಹೋದಾಗ ಅಳಿಯ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕೂತಿದ್ದ. ಜೊತೆಗೆ ಇಬ್ಬರು ಹಿರಿಯರು. ಸಂತ್ರಾ ಹಣ್ಣಿನ ಚೀಲ ಗೋಡೆಗೆ ಒರಗಿಸಿತ್ತು. ಒಳಕೋಣೆಯ ಬಾಗಿಲಲ್ಲಿ ಹುಡುಗಿ ಕೂಸನ್ನು ಅವಚಿಕೊಂಡು ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಹೊಸ್ತಿಲು ದಾಟಿ ಚೀಲವನ್ನು ಅವನ ಎದುರಿಗೇ ಇಟ್ಟೆ. ಒಳಗಿನ ಸ್ಟೀಲಿನ ತಟ್ಟೆ ಖಣ್ ಎಂದಿತು.

ಅವನು ನನ್ನನ್ನು ದಿಟ್ಟಿಸಿದ. "ನೀವು ಸೊಲ್ಲಾಪುರ ಸಿಸ್ಟರ ಅಲ್ಲೇನ್ರಿ?"

"ಹೌದ್ರಿ" ಎಂದೆ. "ಈಗ ನಂದು ಇದ ಕೆಲಸ." ಆಮೇಲೆ ಅವ್ವನ ಕಡೆ ತಿರುಗಿ, "ಅಳಿಯಂದಿರಿಗೆ ವಯಸ್ಸೆಷ್ಟರಿ?" ಎಂದೆ.

"ನಂಗೇನ ಗೊತ್ತು? ಅವರನ್ನ ಕೇಳ್ರಿ. ಬೇಕಾದ್ರ ಹಿರಿಯರನ್ನೂ ಕೇಳ್ರಿ" ಎಂದಳು ಅವ್ವ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಹಿರಿಯರಲ್ಲಿ ಒಬ್ಬ ಚಹಾ ಕೆಳಗಿಟ್ಟು ಬಸ್ಸಿನ ಟೈಮು ನೋಡಿ ಬರುತ್ತೇನೆ ಎಂದು ಎದ್ದ. ಇನ್ನೊಬ್ಬನಿಗೆ ಅವನನ್ನು ಒಂಟಿಯಾಗಿ ಕಳಿಸಲು ಮನಸ್ಸಾಗಲಿಲ್ಲ. ಅಳಿಯ ಕೂತಲ್ಲೇ ಬೆವರಿದ. ನಾನು ಚೀಲದ ಬಕ್ಕಲು ಬಿಚ್ಚಿದೆ, ಬಾಚಣಿಗೆ ತೆಗೆಯಲೆಂದೇ ಬಿಚ್ಚಿದ್ದು. ಅಷ್ಟರಲ್ಲಿ ಅವನು ಬಾಲ ಸುಟ್ಟ ಬೆಕ್ಕಿನ ಹಾಗೆ ಅಂಗಳ ದಾಟಿದ್ದ. ಚಪ್ಪಲಿ ಅಲ್ಲೇ ಉಳಿದವು. ಹೆಂಡತಿಯ ಮೊಣಕೈ ಮುರಿದ ಗಂಡಸು ಅದು.

ನಾವು ಮೂವರೂ ನಕ್ಕೆವು. ಹುಡುಗಿ ನಗುತ್ತ ನಗುತ್ತ ಕುಸಿದು ಕೂತು ಜೋರಾಗಿ ಅಳತೊಡಗಿದಳು. ಅವ್ವ ಆ ಚಪ್ಪಲಿಗಳನ್ನು ತೆಗೆದು ಬೀದಿಗೆಸೆದು ಬಂದಳು.

ಆ ಆಪರೇಷನ್ನಿನ ಗದ್ದಲ ಇರುವವರೆಗೆ ಅವನು ಮೈಂದರ್ಗಿಯ ಕಡೆ ತಲೆ ಹಾಕಲಿಲ್ಲ. ಮಗಳನ್ನು ಕಳಿಸಿ ಎಂದು ಹೇಳಿಕಳಿಸುತ್ತಿದ್ದ, ಬಂದು ಕರೆದುಕೊಂಡು ಹೋಗಿ ಎಂದು ಅವ್ವ ಹೇಳಿಕಳಿಸುತ್ತಿದ್ದಳು. ಆದರೆ ಈ ಹೆದರಿಕೆ ಎಷ್ಟು ದಿನದ್ದು? ಅದು ಮುಗಿಯುವುದರೊಳಗೆ ಹುಡುಗಿಯ ಕಾಲ ಕೆಳಗೆ ಗಟ್ಟಿ ನೆಲ ಬೇಕಿತ್ತು. ಏಳನೆಯ ಇಯತ್ತೆ ಪಾಸಾದವರಿಗೆ ಹೆರಿಗೆ ಮಾಡಿಸುವ ನರ್ಸಿನ ತರಬೇತಿ ಇದೆ, ಗಂಡ ಬಿಟ್ಟವರನ್ನೂ ಸೇರಿಸಿಕೊಳ್ಳುತ್ತಾರೆ, ಇರಲು ಹಾಸ್ಟೆಲು ಕೊಡುತ್ತಾರೆ ಎಂದು ನಾನು ಹೇಳಿದೆ. ಸೊಟ್ಟ ಕೈಯಲ್ಲಿ ಆಗುತ್ತದೆಯೇ ಎಂದು ಅವ್ವ ಕೇಳಿದಳು. ಆ ಕೈಯಲ್ಲಿ ಕೂಸನ್ನು ಎರೆದು ಬೆಳೆಸಿದ್ದಾಳಲ್ಲ ಎಂದೆ.

ಆಕೆ ಓದಿದ್ದು ಕನ್ನಡ ಶಾಲೆಯಲ್ಲಿ, ತರಬೇತಿಯೆಲ್ಲ ಮರಾಠಿಯಲ್ಲಿ. ಕೂಸನ್ನು ಅವ್ವನ ಹತ್ತಿರ ಬಿಟ್ಟು ನನ್ನ ಕೋಣೆಗೆ ಬಂದು ದಿನಗಟ್ಟಲೆ ಇದ್ದು ಮರಾಠಿ ಓದಿದಳು. ತಪ್ಪು ಓದಿದರೆ ನಾನು ಬೈಯುತ್ತಿದ್ದೆ, ಬೈದರೆ ಆಕೆ ಕಿಸಕ್ಕನೆ ನಗುತ್ತಿದ್ದಳು. ನನ್ನ ಒಲೆಯ ಮೇಲೆ ಎರಡು ಪಾಲು ರೊಟ್ಟಿ ಬೇಯುತ್ತಿದ್ದವು. ಗೋಡೆಯ ಆಚೆಯ ಯಾತ್ರಿಕರು ಬರಲಿ ಹೋಗಲಿ, ನನಗೆ ಪರಿವೆಯೇ ಇರಲಿಲ್ಲ.

ತರಬೇತಿಗೆ ಸೀಟು ಸಿಕ್ಕಿತು, ಸಿಕ್ಕಿದ್ದು ಸೊಲ್ಲಾಪುರದಲ್ಲೇ.

"ಅಂವ ಅಲ್ಲೇ ಅದಾನಲ್ರಿ" ಎಂದು ಆಕೆ ಹೆದರಿದಳು.

"ಹಾಸ್ಟೆಲ ಬಾಗಲದಾಗ ವಾಚಮನ್ ಅದಾನ. ಗಂಡಸರನ್ನ ಒಳಗ ಬಿಡಂಗಿಲ್ಲ" ಎಂದೆ. ಆ ಬಾಗಿಲನ್ನು ನಾನು ಬಲ್ಲೆ.

ಹೊರಡುವ ದಿನ ಬೆಳಿಗ್ಗೆ ಆಕೆಯ ಟ್ರಂಕು ಬಾಗಿಲಲ್ಲಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಕನ್ನಡಿಯ ಮುಂದೆ ಅವಸರದಲ್ಲಿ ಕೂದಲು ಸುತ್ತಿಕೊಳ್ಳುತ್ತಿದ್ದೆ. ಆಕೆ ಬಂದು ನನ್ನ ಕೈಯಿಂದ ಬಾಚಣಿಗೆ ಕಿತ್ತುಕೊಂಡಳು.

"ಕೂಡ್ರಿ" ಎಂದಳು. "ನಿಮಗ ಯಾರ್ರಿ ಬಾಚೋರು?"

"ನಾನ ಬಾಚ್ಕೋತೀನಿ."

"ಹಿಂದ ನಿಮಗ ಕಾಣಂಗಿಲ್ಲಲ್ರಿ. ನೋಡ್ರಿ, ಎಷ್ಟ ಸಿಕ್ಕ ಆಗ್ಯಾವ."

ಎಣ್ಣೆ ಹಚ್ಚಿದಳು. ಸೊಟ್ಟ ಕೈಯಲ್ಲಿ ಕೂದಲಿನ ಬುಡ ಹಿಡಿದು, ನೋಯದ ಹಾಗೆ, ತುದಿಯಿಂದ ಒಂದೊಂದೇ ಸಿಕ್ಕು ಬಿಡಿಸಿದಳು. ಹಾಗೆ ಬಾಚುವುದನ್ನು ನನ್ನಿಂದಲೇ ಕಲಿತಿದ್ದಳು. ಅವ್ವ ಹೋದ ಮೇಲೆ ನನ್ನ ತಲೆಯನ್ನು ಇನ್ನೊಬ್ಬರು ಮುಟ್ಟಿದ್ದು ಅದೇ ಮೊದಲು. ನನ್ನ ಎದುರಿಗೆ ಸುಣ್ಣ ಉದುರಿದ ಗೋಡೆ. ಎಷ್ಟೋ ಹೆಂಗಸರನ್ನು ಹೀಗೆ ಕೂಡಿಸಿ ಮಾತಾಡಿಸಿದವಳು ನಾನು, ಕೂತವರಿಗೆ ಹೇಗಿರುತ್ತದೆ ಎಂದು ತಿಳಿದಿರಲಿಲ್ಲ.

"ನೀ ಹೋದ ಮ್ಯಾಲ ನಂಗ ಇಲ್ಲಿ ಭಾಳ ಬ್ಯಾಸರ ಆಗತೈತಿ" ಎಂದೆ. ಗೋಡೆಗೆ ಹೇಳಿದೆ.

ಆಕೆಯ ಕೈ ನಿಂತಿತು. ಆಮೇಲೆ ಮತ್ತೆ ಬಾಚತೊಡಗಿದಳು, ಮೊದಲಿಗಿಂತ ನಿಧಾನವಾಗಿ. ಬಿಗಿಯಾಗಿ ಹೆರಳು ಹಾಕಿ, ತುದಿಗೆ ತನ್ನದೇ ರಿಬ್ಬನ್ನು ಕಟ್ಟಿದಳು.

ಬಸ್ಸು ಹೋಯಿತು. ಮಲಗುವ ಮುಂಚೆ ಹೆರಳು ಬಿಚ್ಚಿ ಸಡಿಲ ಮಾಡಿಕೊಳ್ಳುವುದು ನನ್ನ ರೂಢಿ. ಅವತ್ತು ಬಿಚ್ಚಲಿಲ್ಲ. ಮರುದಿನ ಅದೇ ಹೆರಳಿನಲ್ಲಿ ಚೀಲ ಹಿಡಿದುಕೊಂಡು ಹಳ್ಳಿಯ ಬಸ್ಸು ಹತ್ತಿದೆ.